ಧೂಳು ಒರೆಸುವ ಮುನ್ನ



ಬಂಗಾರಪೇಟೆಗೆ ಸಮೀಪದ ಬೂದಿಕೋಟೆ ಹೈದರಾಲಿ ಹುಟ್ಟಿದ ಊರೆಂದು ಇತಿಹಾಸದಲ್ಲಿ ಓದಿದ್ದೀರಿ. ಊರಿನ ಹೆಸರಿನಲ್ಲೇ ಬೂದಿ ಇದೆ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ ಹಿತ್ತಾಳೆ ಬಿಂದಿಗೆ ಹೇಗೆ ಹೊಳೆಯುತ್ತದೆಂದು ನಿಮ್ಮ ಅಜ್ಜಿಯನ್ನು ಕೇಳಿ. ಬೂದಿ ಕಿಲುಬಿನ ಜೊತೆಗೆ ಲೋಹವನ್ನೂ ಒಂದಿಷ್ಟು ಸವೆಸುತ್ತದೆ. ಬಿಂದಿಗೆ ಒಳಗೂ ಹೊರಗೂ ಹಿತ್ತಾಳೆಯೇ ಆದ್ದರಿಂದ ನಷ್ಟವೇನಿಲ್ಲ.

ಕಾರು ಹಾಗಲ್ಲ. ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಬಣ್ಣ, ಈಗಿನ ಕಾರುಗಳಲ್ಲಿ ಎಲ್ಲಕ್ಕೂ ಮೇಲೆ ಪಾರದರ್ಶಕ ಲೇಪ. ಈ ಕೊನೆಯ ಪದರ ನಿಮ್ಮ ತಲೆಗೂದಲಿಗಿಂತ ತೆಳು. ಸವೆದರೆ ಮತ್ತೆ ಬೆಳೆಯುವುದಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಸೋದರಮಾವ ಕಪ್ಪು ಅಂಬಾಸಡರ್ ಇಟ್ಟುಕೊಂಡು ಮದುವೆ ಬಾಡಿಗೆಗೆ ಓಡಿಸುತ್ತಿದ್ದರು. ಒಂದು ಸಂಜೆ ಕಾರು ಕೆ.ಜಿ.ಎಫ್. ಕಡೆಯಿಂದ ಧೂಳು ಹೊತ್ತು ಬಂತು. ಮರುದಿನ ಅದರಲ್ಲಿ ಮದುಮಗ ಕೂರಬೇಕು. ಮಾವನಿಗೆ ಸಂತೋಷವಾಗಲೆಂದು ನಾನು ಒಣಬಟ್ಟೆಯಿಂದ ಒತ್ತಿ ಒತ್ತಿ ಒರೆಸಿದೆ. ಬೆಳಗಿನ ಬಿಸಿಲಿನಲ್ಲಿ ನೋಡಿದರೆ ಬಾನೆಟ್ಟಿನ ತುಂಬ ಜೇಡರ ಬಲೆಯಂಥ ಗೀರು! ಮಾವ ಬೈಯಲಿಲ್ಲ, ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ ಸುಮ್ಮನಾದರು. ಬೈದಿದ್ದರೇ ವಾಸಿಯಿತ್ತು.

ತಪ್ಪು ಬಟ್ಟೆಯದಲ್ಲ, ಧೂಳಿನದು. ಕೋಲಾರದ ಚಿನ್ನ ಬೆಣಚುಕಲ್ಲಿನಲ್ಲಿ ಅಡಗಿತ್ತು. ಅದಿರನ್ನು ಹಿಟ್ಟಿನಂತೆ ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯೇ ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳು. 2001ರಲ್ಲಿ ಗಣಿ ಮುಚ್ಚಿತು, ದಿಬ್ಬಗಳು ಉಳಿದವು. ಗಾಳಿಗೆ ಅವುಗಳ ಧೂಳು ಏಳುತ್ತದೆ. ಮೋಸ್ ಗಡಸುತನದ ಮಾಪಕದಲ್ಲಿ ಬೆಣಚಿಗೆ 7, ಕಿಟಕಿಯ ಗಾಜಿಗೆ ಸುಮಾರು 5.5. ಗಾಜನ್ನೇ ಗೀರುವ ಕಣಕ್ಕೆ ಬಣ್ಣ ಯಾವ ಲೆಕ್ಕ? ನಮ್ಮ ಹೊಲದ ಕೆಮ್ಮಣ್ಣಿನ ಮರಳೂ ಬಹುಪಾಲು ಬೆಣಚೇ.

ಆದ್ದರಿಂದ ಮೊದಲು ನೀರು, ಆಮೇಲೆ ಬಟ್ಟೆ. ನೀರಿನ ಬರವಿರುವ ಜಿಲ್ಲೆ ನಮ್ಮದು, ಪೈಪು ಹಿಡಿಯಬೇಕಿಲ್ಲ. ಚೊಂಬಿನಿಂದ ಚಾವಣಿಯ ಮೇಲೆ ನಿಧಾನವಾಗಿ ನೀರು ಸುರಿಯಿರಿ. ಧೂಳು ತಾನೇ ಇಳಿಯುತ್ತದೆ. ನಂತರ ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರಿಗೆಂದೇ ಸಿಗುವ ಶಾಂಪೂ ನೀರು, ಇನ್ನೊಂದರಲ್ಲಿ ಬರಿ ನೀರು. ಬಟ್ಟೆಯನ್ನು ಪ್ರತಿಸಲ ಬರಿ ನೀರಿನಲ್ಲಿ ಜಾಲಿಸಿ, ಹಿಂಡಿ, ಬಳಿಕವೇ ಶಾಂಪೂವಿಗೆ ಅದ್ದಿ. ಮೇಲಿನಿಂದ ಕೆಳಕ್ಕೆ ಬನ್ನಿ, ಚಕ್ರ ಕೊನೆಗೆ. ಬಟ್ಟೆ ನೆಲಕ್ಕೆ ಬಿದ್ದರೆ ಅದನ್ನು ಬದಿಗಿಡಿ. ಪಾತ್ರೆ ತಿಕ್ಕುವ ಪುಡಿ, ತೆಂಗಿನ ನಾರು ಖಂಡಿತ ಬೇಡ. ಸೀಮೆಎಣ್ಣೆಯಲ್ಲಿ ಒರೆಸುವವರೂ ಇದ್ದಾರೆ. ಹೊಳಪು ಒಂದು ಗಳಿಗೆ, ಆಮೇಲೆ ಧೂಳೆಲ್ಲ ಅದಕ್ಕೇ ಅಂಟುತ್ತದೆ.

ಕೊಳವೆಬಾವಿಯ ಗಡಸು ನೀರು ಬಿಸಿಲಲ್ಲಿ ಆರಿದರೆ ಸುಣ್ಣದ ಬಿಳಿ ಕಲೆ ಉಳಿಯುತ್ತದೆ. ನೆರಳಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಆಗಲೇ ನೀರು ಹೀರಿಸಿ. ಕಾಗೆಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಕೆರೆಯದೆ, ಒದ್ದೆಬಟ್ಟೆ ಹಾಕಿ ನೆನೆಸಿ ತೆಗೆಯಿರಿ. ಕೆಲವು ತಿಂಗಳಿಗೊಮ್ಮೆ ಮೇಣ ಸವರಿದರೆ ಬಿಸಿಲು, ಹಿಕ್ಕೆಗಳ ಪೆಟ್ಟು ಮೊದಲು ಆ ಮೇಣಕ್ಕೆ ಬೀಳುತ್ತದೆ.

ಮಾವ ಆ ಅಂಬಾಸಡರನ್ನು ಮಾರಿದಾಗ ಕೊಳ್ಳಲು ಬಂದವರು ಮೊದಲು ನೋಡಿದ್ದು ಬಾನೆಟ್ಟನ್ನೇ.