ಕಂಡರಿಯದ ಮೀನು ತಟ್ಟೆಗೆ ಬಂದಾಗ
(ಜುಮಾ ಭಾಷಣದ ಸಾರಾಂಶ)



ಇಂದಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ರಜೆಯಲ್ಲಿ ನಮ್ಮ ಜಮಾಅತಿನ ಕೆಲವು ಕುಟುಂಬಗಳು ಥಾಯ್ಲೆಂಡಿನ ಕ್ರಾಬಿಗೆ ಹೋಗಿ ಬಂದವು. ಬಂದವರು ನನಗೆ ಕಡಲಿನ ಫೋಟೋಗಳಿಗಿಂತ ಹೆಚ್ಚಾಗಿ ತೋರಿಸಿದ್ದು ಅಲ್ಲಿನ ರಾತ್ರಿ ಸಂತೆಯ ತಿಂಡಿಗಳನ್ನು. ಕೆಂಡದ ಮೇಲೆ ಬೊಂಡಾಸ್, ಕಡ್ಡಿಗೆ ಚುಚ್ಚಿದ ಆಕ್ಟೋಪಸ್, ಚಿಪ್ಪು ಸಮೇತ ಸಿಂಪಿ, ಹೆಸರೇ ಗೊತ್ತಿಲ್ಲದ ಇನ್ನೂ ಏನೇನೋ. ಪ್ರತಿ ಫೋಟೋಗೂ ಒಂದೇ ಪ್ರಶ್ನೆ: "ಉಸ್ತಾದ್, ಇದು ತಿನ್ನಬಹುದಾ?"

ಅಲ್ ಮಾಇದಾ ಅಧ್ಯಾಯದ 96ನೇ ವಚನದಲ್ಲಿ ಅಲ್ಲಾಹನು ಸಮುದ್ರದ ಬೇಟೆಯನ್ನೂ ಅದರ ಆಹಾರವನ್ನೂ ನಮಗೆ ಅನುಮತಿಸಿದ್ದಾನೆ. ಇಹ್ರಾಮ್‌ನಲ್ಲಿ ಇರುವವನಿಗೆ ನೆಲದ ಬೇಟೆ ನಿಷಿದ್ಧ, ಕಡಲಿನದ್ದು ನಿಷಿದ್ಧವಲ್ಲ. ಆ ವಚನದಲ್ಲಿ ಪ್ರಯಾಣಿಕರನ್ನು ಬೇರೆಯಾಗಿಯೇ ಹೆಸರಿಸಲಾಗಿದೆ ಎಂಬುದನ್ನು ಗಮನಿಸಿ. ಊರಿನಲ್ಲಿರುವವನಿಗೂ ದಾರಿಯಲ್ಲಿರುವವನಿಗೂ ಕಡಲು ಬುತ್ತಿ.

ಕಂಡರಿಯದ ಸಮುದ್ರಾಹಾರ ಮೊದಲು ಎದುರಾದದ್ದು ನಮಗಲ್ಲ, ಸಹಾಬಿಗಳಿಗೆ. ಜಾಬಿರ್(ರ) ವರದಿ ಮಾಡಿದ ಆ ಘಟನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅಬೂ ಉಬೈದಾ(ರ) ನಾಯಕತ್ವದಲ್ಲಿ 300 ಮಂದಿ ಕಡಲತೀರದ ಕಡೆ ಹೊರಟಿದ್ದರು. ಬುತ್ತಿ ಮುಗಿಯುತ್ತಾ ಬಂತು. ದಿನಕ್ಕೆ ಒಬ್ಬನಿಗೆ ಒಂದು ಖರ್ಜೂರ. ಅದನ್ನು ಮಕ್ಕಳು ಚೀಪುವ ಹಾಗೆ ಚೀಪಿ, ಮೇಲೆ ನೀರು ಕುಡಿಯುತ್ತಿದ್ದರು. ಕೊನೆಗೆ ಗಿಡದ ಎಲೆಗಳನ್ನು ಉದುರಿಸಿ, ನೀರಿನಲ್ಲಿ ನೆನೆಸಿ ತಿಂದರು. ಆಗ ತೀರದಲ್ಲಿ ದಿಬ್ಬದಂಥದ್ದೊಂದು ಕಂಡಿತು. ಹತ್ತಿರ ಹೋದರೆ ಅಂಬರ್ ಎಂಬ ದೈತ್ಯ ಮೀನು. ಅದರ ಕಣ್ಣಿನ ಗುಳಿಯಲ್ಲಿ 13 ಮಂದಿ ಕೂತರು, ಅದರ ಪಕ್ಕೆಲುಬನ್ನು ನೆಟ್ಟಾಗ ಒಂಟೆ ಕೆಳಗಿನಿಂದ ದಾಟಿ ಹೋಯಿತು ಎಂದು ವರದಿಯಾಗಿದೆ.

ಹಸಿದ ಸೈನ್ಯ ಕೂಡಲೇ ಮುಗಿಬೀಳಲಿಲ್ಲ. ಇದು ಸತ್ತ ಪ್ರಾಣಿಯಲ್ಲವೇ ಎಂದು ಅಬೂ ಉಬೈದಾ(ರ) ಮೊದಲು ಹಿಂಜರಿದರು. ಆಮೇಲೆ, ನಾವು ಅಲ್ಲಾಹನ ಮಾರ್ಗದಲ್ಲಿದ್ದೇವೆ, ಅನಿವಾರ್ಯಕ್ಕೆ ಸಿಲುಕಿದ್ದೇವೆ ಎಂದು ಯೋಚಿಸಿ ಅನುಮತಿ ಕೊಟ್ಟರು. ಹಲವು ದಿನ ತಿಂದರು, ಮೈಯಲ್ಲಿ ಶಕ್ತಿ ಬಂತು. ಹಸಿವಿನಿಂದಷ್ಟೇ ಅದು ಅನುಮತಿಯಾಯಿತು ಎಂದುಕೊಳ್ಳಬೇಡಿ. ಮದೀನಾಕ್ಕೆ ಮರಳಿ ವಿಷಯ ತಿಳಿಸಿದಾಗ ಪ್ರವಾದಿ(ಸ) ಅದರ ಮಾಂಸ ಸ್ವಲ್ಪ ಉಳಿದಿದೆಯೇ ಎಂದು ಕೇಳಿದರು, ತರಿಸಿಕೊಂಡು ತಿಂದರು. ಮದೀನಾದಲ್ಲಿ ಅಂಥ ಅನಿವಾರ್ಯ ಇರಲಿಲ್ಲ. ಸಂಗಾತಿಗಳ ಮನಸ್ಸಿನಲ್ಲಿ ಉಳಿದ ಅಳುಕು ಆ ಒಂದು ತುತ್ತಿನಿಂದ ಹೋಯಿತು.

ಇನ್ನೊಂದು ಘಟನೆ ಇದಕ್ಕೆ ಎದುರು ದಿಕ್ಕಿನದು. ಮೈಮೂನಾ(ರ) ಅವರ ಮನೆಯಲ್ಲಿ ಸುಟ್ಟ ಉಡದಂಥ ಪ್ರಾಣಿಯೊಂದನ್ನು ಬಡಿಸಲಾಯಿತು. ಅದು ಏನೆಂದು ತಿಳಿದಾಗ ಪ್ರವಾದಿ(ಸ) ಕೈ ಹಿಂತೆಗೆದರು. ಹರಾಮೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಹರಾಮಲ್ಲ, ನಮ್ಮವರ ನಾಡಿನಲ್ಲಿ ಇದು ಇರಲಿಲ್ಲ, ಹಾಗಾಗಿ ಮನಸ್ಸು ಒಪ್ಪುವುದಿಲ್ಲ ಎಂಬ ಅರ್ಥದ ಉತ್ತರ ಬಂತು. ಖಾಲಿದ್(ರ) ಅದನ್ನು ತನ್ನ ಕಡೆಗೆ ಎಳೆದುಕೊಂಡು ತಿಂದರು, ಪ್ರವಾದಿ(ಸ) ನೋಡುತ್ತಿದ್ದರು. ಒಂದೇ ಊಟದಲ್ಲಿ ಒಬ್ಬರು ತಿಂದರು, ಒಬ್ಬರು ಬಿಟ್ಟರು. ಯಾರೂ ಯಾರನ್ನೂ ಆಕ್ಷೇಪಿಸಲಿಲ್ಲ.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಕರಾವಳಿಯಲ್ಲಿ ನಾವು ಹೆಚ್ಚಿನವರು ಶಾಫಿಈಗಳು. ಘಟ್ಟದ ಮೇಲೆ ಹೆಚ್ಚಿನವರು ಹನಫಿಗಳು. ಈಗ ಸಂಬಂಧಗಳು ಎರಡೂ ಕಡೆ ಬೆಳೆಯುತ್ತಿವೆ. ಹನಫಿ ಮನೆಯಿಂದ ಬಂದ ಒಬ್ಬ ಸೊಸೆ ಆ ರಾತ್ರಿ ಸಂತೆಯಲ್ಲಿ ಬೊಂಡಾಸ್ ಮುಟ್ಟಲಿಲ್ಲ. "ಹಾಗಾದರೆ ನಾವು ತಿನ್ನುವುದು ಹರಾಮಾ?" ಎಂದು ಅತ್ತೆ ಎಲ್ಲರ ಮುಂದೆ ಕೇಳಿದರು. ಹುಡುಗಿ ಉತ್ತರಿಸಲಿಲ್ಲ. ಆ ಮೌನವೇ ತಪ್ಪಾಯಿತು. ಊರಿಗೆ ಬಂದ ಮೇಲೂ ಅಡುಗೆಮನೆಯಲ್ಲಿ ಇಬ್ಬರ ಮಧ್ಯೆ ಮಾತಿಲ್ಲ. ಮಗ ನನ್ನ ಬಳಿ ಬಂದ. ಆಮೇಲೆ ಸೊಸೆಯೂ ಫೋನಿನಲ್ಲಿ ಕೇಳಿದಳು: "ಹಜ್ರತ್, ನಾನು ಏನು ಮಾಡಬೇಕಿತ್ತು?"

ಅವಳು ಮಾಡಿದ್ದು ಸರಿಯೇ. ಹನಫಿ ಮದ್‌ಹಬ್‌ನಲ್ಲಿ ಕಡಲಿನ ಜೀವಿಗಳಲ್ಲಿ ಮೀನು ಮಾತ್ರ ಹಲಾಲ್. ಬೊಂಡಾಸ್, ಏಡಿ, ಆಕ್ಟೋಪಸ್ ಅದರಲ್ಲಿ ಸೇರುವುದಿಲ್ಲ. ಸಿಗಡಿ ಮೀನಿನ ಸಾಲಿಗೆ ಬರುತ್ತದೆಯೇ ಎಂಬುದರಲ್ಲಿ ಅವರ ವಿದ್ವಾಂಸರಲ್ಲೇ ಎರಡು ಅಭಿಪ್ರಾಯ. ಥಾಯ್ ಭಾಷೆಯಲ್ಲಿ ಬೊಂಡಾಸಿಗೆ 'ಪ್ಲಾ ಮುಕ್', ಅಂದರೆ ಶಾಯಿ ಮೀನು ಎನ್ನುತ್ತಾರೆ. ಹೆಸರಿನಲ್ಲಿ ಮೀನು ಇದ್ದರೆ ಫಿಕ್‌ಹ್ ಬದಲಾಗುವುದಿಲ್ಲ. ಅತ್ತೆಯೂ ತಪ್ಪು ತಿನ್ನಲಿಲ್ಲ. ಶಾಫಿಈ ಮದ್‌ಹಬ್‌ನಲ್ಲಿ ಬೊಂಡಾಸ್ ಹಲಾಲ್. ಆದರೆ ಕರಾವಳಿಯವರೆಂಬ ಧೈರ್ಯದಲ್ಲಿ ಎಲ್ಲವೂ ಸಲ್ಲುತ್ತದೆ ಎಂದು ಹೇಳಬೇಡಿ. ನೀರು ನೆಲ ಎರಡರಲ್ಲೂ ಬದುಕುವುದನ್ನು ಇಮಾಂ ನವವಿಯವರು ಮಿನ್‌ಹಾಜ್‌ನಲ್ಲಿ ನಿಷಿದ್ಧದ ಸಾಲಿಗೆ ಸೇರಿಸಿ, ಕಪ್ಪೆಯ ಜೊತೆ ಏಡಿಯನ್ನೂ ಹೆಸರಿಸಿದ್ದಾರೆ. ಸೊಸೆಯನ್ನು ಹಂಗಿಸುವ ನಾಲಗೆ ಇದನ್ನೂ ತಿಳಿದಿರಬೇಕು.

ಆ ಮನೆಯ ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ: ಬೊಂಡಾಸ್ ಮಾಡುವ ದಿನ ಅದೇ ಅಡುಗೆಮನೆಯಲ್ಲಿ ನಾಲ್ಕು ಬಂಗುಡೆಯನ್ನೂ ಹುರಿಯಿರಿ, ಬಾಣಲೆ ಬೇರೆ ಇರಲಿ. ಅದನ್ನು ಅತ್ತೆಯೇ ಸೊಸೆಗೆ ಬಡಿಸಲಿ.

ಇನ್ನು ಯುವಕರಿಗೆ ಒಂದು ಮಾತು. ಗೊತ್ತಿಲ್ಲದ್ದನ್ನು ಬಾಯಿಗಿಟ್ಟು, ಮುಖ ಸಿಂಡರಿಸಿ, ಉಗಿದು, ಅದನ್ನು ರೀಲ್ಸ್ ಮಾಡಿ ಹಾಕುತ್ತೀರಿ. ಕ್ರಾಬಿಯಲ್ಲಿ ಅದನ್ನು ಬೇಯಿಸಿ ಕೊಟ್ಟವಳು ಹಿಜಾಬ್ ಹಾಕಿದ ಒಬ್ಬ ಮುಸ್ಲಿಂ ತಾಯಿ, ನಿಮ್ಮ ಎದುರೇ ನಿಂತಿದ್ದಳು. ವಿಡಿಯೋದಲ್ಲಿ ಅವಳ ಮುಖವೂ ಇದೆ. ಪ್ರವಾದಿ(ಸ) ಯಾವ ಆಹಾರವನ್ನೂ ಹೀಗಳೆಯುತ್ತಿರಲಿಲ್ಲ, ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು. ಆ ವಿಡಿಯೋವನ್ನು ಇವತ್ತೇ ಅಳಿಸಿ.

ಜೀವಂತ ಸಿಗಡಿಗಳ ಮೇಲೆ ಮಸಾಲೆ, ನಿಂಬೆಹುಳಿ ಹಾಕಿ, ಅವು ಕುಪ್ಪಳಿಸುತ್ತಿರುವಾಗಲೇ ತಿನ್ನುವ ಪದ್ಧತಿ ಥಾಯ್ಲೆಂಡಿನಲ್ಲಿದೆ. ಕೊಯ್ಯುವ ಪ್ರಾಣಿಗೂ ನೋವು ಕಡಿಮೆಯಾಗಲಿ ಎಂದು ಕತ್ತಿ ಹರಿತ ಮಾಡಲು ಕಲಿತ ಸಮುದಾಯಕ್ಕೆ ಅದರಲ್ಲಿ ಮೋಜು ಕಾಣಬಾರದು.

ಹಲಾಲೋ ಹರಾಮೋ ಎಂಬ ಪ್ರಶ್ನೆಗೆ ಮೊದಲೇ ಜೀವದ ಪ್ರಶ್ನೆಯೂ ಇದೆ. ಕುದುರೆಲಾಳದಂಥ ಚಿಪ್ಪಿರುವ ಏಡಿಯ ಮೊಟ್ಟೆಯನ್ನು ಅಲ್ಲಿ ಸಲಾಡ್ ಮಾಡಿ ಮಾರುತ್ತಾರೆ. ಅದರಲ್ಲಿ ಎರಡು ಜಾತಿ. ಬಾಲ ದುಂಡಗಿರುವ ಜಾತಿಯಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ತುಟಿ ಜುಮ್ಮೆನ್ನುವುದರಿಂದ ಶುರುವಾಗಿ ಉಸಿರಾಟದ ಸ್ನಾಯುವೇ ನಿಲ್ಲಬಹುದು. ತಟ್ಟೆಗೆ ಬಂದ ಮೊಟ್ಟೆಯಲ್ಲಿ ಬಾಲ ಕಾಣುವುದಿಲ್ಲ. ನಿಮ್ಮನ್ನು ನೀವೇ ನಾಶಕ್ಕೆ ತಳ್ಳಬೇಡಿ ಎಂಬ ಅರ್ಥದ ಅಲ್ ಬಕರಾ ಅಧ್ಯಾಯದ ಆದೇಶ ಇಲ್ಲಿಗೂ ಅನ್ವಯಿಸುತ್ತದೆ.

ಮೀನು ಹಲಾಲಾದರೂ ಅದನ್ನು ಸುಡುವ ಕಂಬಿ ಯಾವುದೆಂದು ನೋಡಬೇಕು. ಅಲ್ಲಿನ ಸಂತೆಗಳಲ್ಲಿ ಹಂದಿಮಾಂಸದ ಕಡ್ಡಿಯೂ ಮೀನೂ ಒಂದೇ ಕೆಂಡದ ಮೇಲೆ ಇರಬಹುದು. 'ಮೂ' ಎಂದರೆ ಹಂದಿ, ಬೊಂಡಾಸಿನ 'ಮುಕ್' ಬೇರೆ. ಎರಡೂ ನಮ್ಮ ಕಿವಿಗೆ ಒಂದೇ ಥರ ಕೇಳಿಸುತ್ತವೆ. ದಕ್ಷಿಣ ಥಾಯ್ಲೆಂಡಿನಲ್ಲಿ ಮುಸ್ಲಿಮರು ಸಾಕಷ್ಟಿದ್ದಾರೆ, ಅವರ ಗಾಡಿಗಳನ್ನು ಹುಡುಕಿ. ಸಲಾಂ ಹೇಳಿದರೆ ಉತ್ತರ ಬರುತ್ತದೆ, ಉಳಿದದ್ದನ್ನು ಕೈಸನ್ನೆಯಲ್ಲಿ ಕೇಳಬಹುದು.

ಮುಂದಿನ ರಜೆಗೆ ಆ ಕಡೆ ಹೊರಡುವವರು ನಮಾಜಿನ ನಂತರ ನನ್ನನ್ನು ಕಾಣಿರಿ. ಅಲ್ಲಿನ ಮೀನು, ಮಾಂಸದ ಹೆಸರುಗಳನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಮನೆಯಲ್ಲಿ ಎರಡು ಮದ್‌ಹಬ್ ಇದ್ದರೆ ಎರಡು ಚೀಟಿ ಒಯ್ಯಿರಿ.