ಹೆಪಟೈಟಿಸ್ ಬಿ ಮತ್ತು ನಾವು ಬಿಡದ ಸೂತಕ
(ಬಂಕಾಪುರದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಅನುಭಾವದ ಗೋಷ್ಠಿಯಲ್ಲಿ ಲಿವರಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಈ ಸೀಮೆಯದೇ ಒಂದು ಮನೆಯ ಸಂಗತಿ ಹೇಳುತ್ತೇನೆ. ಹೆಸರು, ಊರು ಕೇಳಬೇಡಿ. ಚೊಚ್ಚಲ ಬಸುರಿ ಸೊಸೆ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಇದೆ ಎಂದು ಬಂತು. ಮರುದಿನದಿಂದ ಆಕೆಗೆ ಬೇರೆ ತಾಟು, ಬೇರೆ ಚರಿಗೆ. ಅವರೆಲ್ಲ ದಿನಾಲೂ ಇಷ್ಟಲಿಂಗ ಪೂಜಿಸುವವರು, ಪಂಚಸೂತಕ ಲಿಂಗವಂತರಿಗಿಲ್ಲ ಎಂಬ ಮಾತಿಗೆ ತಲೆದೂಗುವವರು. ವೈದ್ಯೆಯಾದ ನಾನು ಹೋದದ್ದು ಗುಳಿಗೆಯ ಮಾತಿಗೆ. ಮೊದಲ ಅರ್ಧ ತಾಸು ತಾಟಿನ ಮಾತಿಗೇ ಹೋಯಿತು.

ಒಂದೇ ತಾಟಿನಲ್ಲಿ ಉಂಡರೆ ಈ ರೋಗ ಹರಡುವುದಿಲ್ಲ. ಬ್ಲೇಡು, ಬ್ರಷ್ ಮಾತ್ರ ಬೇರೆ ಇರಲಿ. ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ. ಸೊಸೆಯ ನಡತೆಯ ಬಗ್ಗೆಯೂ ಪಿಸುಮಾತು ಎದ್ದಿತ್ತು. ತವರಿನ ತಾಯಿಯ ರಕ್ತ ನೋಡಿಸಿದೆ, ಆಕೆಗೂ ಇತ್ತು. ಈ ಹುಡುಗಿ ಹುಟ್ಟುವಾಗಲೇ ಪಡೆದುಕೊಂಡು ಬಂದಿರಬೇಕು. ದೊಡ್ಡವರಿಗೆ ತಗುಲಿದರೆ ನೂರಕ್ಕೆ 95 ಮಂದಿಯಲ್ಲಿ ತಾನೇ ಹೋಗುತ್ತದೆ. ಹುಟ್ಟುವಾಗ ತಗುಲಿದರೆ ನೂರಕ್ಕೆ 90 ಕೂಸುಗಳಲ್ಲಿ ಉಳಿದುಬಿಡುತ್ತದೆ. ಹೆಚ್ಚಿನವರ ಕಣ್ಣು ಹಳದಿಯಾಗುವುದೇ ಇಲ್ಲ. ಕಾಮಣಿಗೆ ಸೊಪ್ಪಿನ ಔಷಧ ಕುಡಿಸಿದರಾಯಿತು ಎಂಬುದು ಇಲ್ಲಿ ನಡೆಯದು.

ಕೂಸಿಗೆ ಹುಟ್ಟಿದ 24 ತಾಸಿನೊಳಗೆ ಲಸಿಕೆ ಬೀಳಬೇಕು, ಆಮೇಲೆ 6, 10, 14ನೆಯ ವಾರ. ತಾಯಿಯ ರಕ್ತದಲ್ಲಿ ವೈರಾಣು ಮಿಲಿಲೀಟರಿಗೆ 2,00,000 ಯೂನಿಟ್ ದಾಟಿದ್ದರೆ ಲಸಿಕೆಯೊಂದೇ ಸಾಲದು. ಬಸಿರಿನಲ್ಲೇ ದಿನಕ್ಕೊಂದು ಟೆನೊಫೊವಿರ್ ಗುಳಿಗೆ ಬೇಕು. ಈ ಪರೀಕ್ಷೆ, ಔಷಧ ಎರಡೂ 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಉಚಿತ.

ಅತ್ತೆ ಕೇಳಿದರು: "ಒಮ್ಮೆ ಚಾಲೂ ಮಾಡಿದ್ರ ಸಾಯೂತನಕ ನುಂಗಬೇಕೇನ್ರಿ?"

ಕೇಳಬೇಕಾದ ಪ್ರಶ್ನೆಯೇ. ಇಲ್ಲಿ ನಿರ್ಧಾರ ಒಂದಲ್ಲ, ಎರಡು. ಕೂಸನ್ನು ಕಾಯುವ ಗುಳಿಗೆಯನ್ನು ಹೆರಿಗೆಯ ನಂತರ ನಿಲ್ಲಿಸಬಹುದು. ಆದರೆ ನಿಲ್ಲಿಸಿದ ಮೇಲೆ ರೋಗ ಕೆರಳುವುದುಂಟು, ಹಾಗಾಗಿ ಕೆಲವು ತಿಂಗಳು ರಕ್ತ ನೋಡಿಸುತ್ತಿರಬೇಕು. ತಾಯಿಯ ಲಿವರೇ ಕೆಡುತ್ತಿದ್ದರೆ ಅದು ಆಕೆಯ ಜೀವದ ಪ್ರಶ್ನೆ. ವರ್ಷಗಟ್ಟಲೆ ನುಂಗಬೇಕು, ತಾನಾಗಿ ಬಿಡಬಾರದು. ಇವೆರಡರ ನಡುವೆ ಮೂರನೆಯ ದಾರಿಯೂ ಇದೆ. ಮತ್ತೆ ಮಕ್ಕಳು ಬೇಕೆನ್ನುವವಳು ಗುಳಿಗೆ ಮುಂದುವರಿಸಬಹುದು, ಅದು ಆಕೆಯ ಆಯ್ಕೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿದೆ.

ಆಕೆಯ ಲಿವರು ಚೆನ್ನಾಗಿಯೇ ಇತ್ತು, ವೈರಾಣು ಮಾತ್ರ ಬಹಳ. ಮಾವ, ಅತ್ತೆ, ಗಂಡ ಎಲ್ಲರೂ ಮಾತಾಡಿದರು. ಹೆಣ್ಣಿಗೂ ಸಮನಾದ ಮಾತು ಕೊಟ್ಟ ಅನುಭವ ಮಂಟಪದ ಮಕ್ಕಳು ನಾವು. ಆಕೆಯನ್ನು ಮಾತ್ರ ಯಾರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಅಲ್ಲಿಯವರೆಗೆ ನಾನೂ ಕೇಳಿರಲಿಲ್ಲ. ಆಮೇಲೆ ಕೇಳಿದೆ.

"ಇನ್ನೊಂದು ಕೂಸು ಬೇಕ್ರಿ ಅಕ್ಕಾರ, ಗುಳಿಗಿ ಬಿಡಂಗಿಲ್ಲ," ಎಂದಳು. "ಇವರ ರಕ್ತಾನೂ ನೋಡ್ರಿ."

ಗಂಡನಿಗೆ ಇರಲಿಲ್ಲ, ಲಸಿಕೆ ಹಾಕಿಸಿಕೊಂಡ. ಕೂಸು ತಾಯಿಯ ಹಾಲನ್ನೇ ಕುಡಿಯುತ್ತಿದೆ, ಅದಕ್ಕೆ ಅಡ್ಡಿಯಿಲ್ಲ. ಒಂಬತ್ತು ತಿಂಗಳು ತುಂಬಿದ ಮೇಲೆ ಅದರ ರಕ್ತ ನೋಡಬೇಕು. ಅದಕ್ಕಿನ್ನೂ ಎರಡು ತಿಂಗಳಿದೆ. ತಾಟು ಮೊನ್ನೆ ಹೋದಾಗಲೂ ಬೇರೆಯೇ ಇತ್ತು.