ಊರಿಗೆ ಹೊರಡೋ ಮುಂಚೆ ಲೇಸರ್ ಮಾಡಿಸ್ಲಾ?



ಡಿಸೆಂಬರ್ ಬಂತು ಅಂದ್ರೆ ನನಗೆ ಬರೋದು ಒಂದೇ ಪ್ರಶ್ನೆ: "ಊರಲ್ಲಿ ಮದುವೆ ಇದೆ, ಕತ್ತು ಕಪ್ಪಾಗಿದೆ, ಲೇಸರ್ ಮಾಡಿಸ್ಲಾ?"

ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪಾಗಿದ್ದರೆ ಸ್ಪಾ ಬೇಡ, ಮೊದಲು ಜಿಪಿ ಹತ್ರ ಹೋಗಿ. ಅದು ಕೊಳೆಯಲ್ಲ, ಎಷ್ಟು ಉಜ್ಜಿದರೂ ಹೋಗಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋದರ ಗುರುತಿರಬಹುದು. ಸಕ್ಕರೆ ಕಾಯಿಲೆ ಬರುವ ಮುಂಚೆಯೇ ಕಾಣಿಸಿಕೊಳ್ಳುತ್ತೆ. ಒಂದು ರಕ್ತಪರೀಕ್ಷೆ ಮಾಡಿಸಿ. ಬಣ್ಣ, ಆಕಾರ ಬದಲಾಗ್ತಿರೋ ಮಚ್ಚೆಗೂ ಇದೇ ಮಾತು.

ಬರೀ ಅಂದಕ್ಕೆ ಅಂತಿದ್ರೆ ಮಾಡಿಸಿ, ತಪ್ಪೇನಿಲ್ಲ. ನಗುವವರು ನಗಲಿ. ಆದರೆ ಕೂದಲು ತೆಗೆಯೋ ಲೇಸರ್ ಹುಡುಕುವುದು ಮೆಲನಿನ್ ಅನ್ನು. ಅದು ನಮ್ಮ ಚರ್ಮದಲ್ಲೇ ಜಾಸ್ತಿ. ಕೂದಲಿಗೆ ಬಿಟ್ಟ ಬೆಳಕನ್ನು ಚರ್ಮವೇ ಹೀರಿಕೊಂಡು ಸುಟ್ಟರೆ, ಆ ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಬಂಗಂತೂ ಲೇಸರಿನಿಂದ ಇನ್ನೂ ಹೆಚ್ಚಾಗುವುದುಂಟು. ಕಂದು ಚರ್ಮಕ್ಕೆ ಹೆಚ್ಚು ಸುರಕ್ಷಿತವಾದದ್ದು 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಯಂತ್ರ. ಅದಿದೆಯಾ, ಮೊದಲು ಸಣ್ಣ ಜಾಗದಲ್ಲಿ ಪ್ಯಾಚ್ ಟೆಸ್ಟ್ ಮಾಡಿ ಕಾದು ನೋಡ್ತಾರಾ, ಕೇಳಿ. ಮುಂದಿನ ವಾರವೇ ವಿಮಾನ ಇದ್ದರೆ ಈ ಸಲ ಬಿಟ್ಟುಬಿಡಿ. ಊರಿಂದ ತಂದ ಸ್ಟೀರಾಯ್ಡ್ ಕ್ರೀಮ್ ಹಚ್ಚುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ಇನ್ನೊಂದು ವಿಷಯ. ಕಾಸ್ಮೆಟಿಕ್ ಲೇಸರ್ ಹಿಡಿಯೋಕೆ ಕ್ವೀನ್ಸ್‌ಲ್ಯಾಂಡಿನಲ್ಲಿ ಲೈಸೆನ್ಸ್ ಬೇಕು. ನಮ್ಮ ನ್ಯೂ ಸೌತ್ ವೇಲ್ಸ್‌ನಲ್ಲಿ, ಮೆಲ್ಬರ್ನ್‌ನವರ ವಿಕ್ಟೋರಿಯಾದಲ್ಲಿ ಅಂಥ ಲೈಸೆನ್ಸೇ ಇಲ್ಲ! ಹಾಗಾಗಿ ಯಂತ್ರ ಹಿಡಿಯುವವರ ತರಬೇತಿ ಏನು ಅಂತ ನಾವೇ ವಿಚಾರಿಸಬೇಕು. ಬೊಟಾಕ್ಸ್ ಹಾಗಲ್ಲ, ಅದು ಚೀಟಿ ಬೇಕಾದ ಔಷಧಿ. ಚುಚ್ಚುವವರ ಹೆಸರನ್ನು ಆಪ್ರಾ ರಿಜಿಸ್ಟರಿನಲ್ಲಿ ಫೋನಿನಲ್ಲೇ, ಕಾಸು ಕೊಡದೆ ನೋಡಬಹುದು.